ಕೊಡುವ ಮಾತು

ಮಠದ ಪ್ರಸಾದನಿಲಯದಲ್ಲಿ ಉಂಡು, ಅಲ್ಲಿಯೇ ಸಂಸ್ಕೃತ ಕಲಿತು ಬೆಳೆದವನು ನಾನು. ಇಂಗ್ಲಿಷನ್ನು ನಿಘಂಟಿನ ನೆರವಿನಿಂದ ಕಲಿತೆ. ನಿಲಯದ ಕಟ್ಟಡಕ್ಕೂ ದಾಸೋಹಕ್ಕೂ ನೆರವಾದವರ ಪಟ್ಟಿಯನ್ನು ಹೊರದೇಶದ ಭಕ್ತರಿಗಾಗಿ ಇಂಗ್ಲಿಷಿನಲ್ಲಿ ಸಿದ್ಧಪಡಿಸುವ ಕಾರ್ಯ ಕಳೆದ ವರ್ಷ ನನ್ನ ಪಾಲಿಗೆ ಬಂದಿತು.

ಒಂದೇ ಪದ ಮರುಕಳಿಸಬಾರದೆಂದು, ಹಳೆಯ ವಿದ್ಯಾರ್ಥಿಗಳ ಹಣಕ್ಕೆ ‘ಗ್ರಾಂಟ್’ ಎಂದೂ, ಸರಕಾರದ ಅನುದಾನಕ್ಕೆ ‘ಡೊನೇಟ್’ ಎಂದೂ, ಪ್ರತಿ ಸೋಮವಾರ ರೊಟ್ಟಿಯ ಬುತ್ತಿ ತರುವ ವೃದ್ಧ ತಾಯಿಯೊಬ್ಬರ ಸೇವೆಗೆ ‘ಬೆಸ್ಟೋ’ ಎಂದೂ ಬರೆದೆ. ನಿಘಂಟಿನಲ್ಲಿ ಎಲ್ಲಕ್ಕೂ ‘ಕೊಡು’ ಎಂಬ ಅರ್ಥವೇ ಇದೆಯಷ್ಟೆ!

ಕರಡನ್ನು ಓದಿದ ನನ್ನ ಶಿಷ್ಯೆ, ಇಂಗ್ಲಿಷ್ ಅಧ್ಯಾಪಕಿ, ನಕ್ಕು ಹೇಳಿದಳು: “ಗುರುಗಳೇ, ಇದರಲ್ಲಿ ಸರಕಾರ ಭಕ್ತನಾಗಿದೆ, ವಿದ್ಯಾರ್ಥಿಗಳು ಸರಕಾರವಾಗಿದ್ದಾರೆ, ಆ ತಾಯಿ ಸಿಂಹಾಸನದ ಮೇಲಿಂದ ರೊಟ್ಟಿ ಕರುಣಿಸಿದಂತಿದೆ.”

ಅವಳು ವಿವರಿಸಿದುದಿಷ್ಟು. ‘ಗಿವ್’ ಸಾಮಾನ್ಯ ಪದ. ಔಷಧ ಕೊಡುವುದಕ್ಕೂ ತೊಂದರೆ ಕೊಡುವುದಕ್ಕೂ ಅದೇ. ‘ಡೊನೇಟ್’ ಎಂದರೆ ಸತ್ಕಾರ್ಯಕ್ಕಾಗಿ ಪ್ರತಿಫಲ ಬಯಸದೆ ಕೊಡುವುದು. ಹಣಕ್ಕೂ ರಕ್ತಕ್ಕೂ ಸಲ್ಲುತ್ತದೆ. ಅದರ ಲ್ಯಾಟಿನ್ ಮೂಲವೂ ನಮ್ಮ ‘ದಾನ’ವೂ ಒಂದೇ ಬೇರಿನವು. ‘ಗ್ರಾಂಟ್’ ಎಂದರೆ ಅಧಿಕಾರವುಳ್ಳವರು ಬೇಡಿಕೆಯನ್ನು ಮನ್ನಿಸಿ ಮಂಜೂರು ಮಾಡುವುದು. ‘ಬೆಸ್ಟೋ’ ಎಂದರೆ ಮೇಲಿನವರು ಪದವಿ, ಗೌರವಗಳನ್ನು ದಯಪಾಲಿಸುವುದು. ‘ಕಾಂಟ್ರಿಬ್ಯೂಟ್’ ಎಂದರೆ ಹಲವರೊಡನೆ ಕೂಡಿ ತನ್ನ ಪಾಲನ್ನು ಸೇರಿಸುವುದು.

ಎರಡು ದೋಷಗಳನ್ನು ಕೂಡಲೇ ತಿದ್ದಿದೆ. ಆ ತಾಯಿಯ ಹೆಸರಿನ ಮುಂದೆ ಲೇಖನಿ ನಿಂತಿತು. ಬಾಲ್ಯದಲ್ಲಿ ನನ್ನ ಹಸಿವು ಹಿಂಗಿದ್ದು ಇಂಥ ತಾಯಂದಿರ ರೊಟ್ಟಿಯಿಂದಲೇ. ಅವರಾರೂ ಮೇಲೆ ನಿಂತು ಕೊಡಲಿಲ್ಲ, ಕೊಟ್ಟೆವೆಂದೂ ಹೇಳಲಿಲ್ಲ. ‘ಕಾಂಟ್ರಿಬ್ಯೂಟ್’ ತಪ್ಪಲ್ಲ, ಆದರೆ ಅದರಲ್ಲಿ ಪಾಲಿನ ಲೆಕ್ಕವಿದೆ. ದಾಸೋಹದಲ್ಲಿ ನೀಡುವವನೇ ‘ನಾನು ದಾಸ’ ಎನ್ನುತ್ತಾನೆ. ಕೊಡುವ ಪದಗಳಲ್ಲಿ ಅದಕ್ಕೆ ಸಮನಾದುದು ಕಾಣಲಿಲ್ಲ.

ಕೊನೆಗೆ ‘ಸರ್ವ್’ ಎಂಬ ಪದ ಹೊಳೆಯಿತು. ಅನ್ನ ಬಡಿಸುವುದಕ್ಕೂ ಸೇವೆ ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಅದೊಂದೇ ಪದ. ಅದರ ಲ್ಯಾಟಿನ್ ಮೂಲದಲ್ಲಿರುವುದೂ ದಾಸನೆಂಬ ಅರ್ಥವೇ. ಅದನ್ನೇ ಬರೆದೆ.

ಮುಂದಿನ ಸೋಮವಾರ ಬುತ್ತಿ ಹೊತ್ತು ಬಂದ ಆ ತಾಯಿಯನ್ನು ಪಂಕ್ತಿಯಲ್ಲಿ ಕುಳ್ಳಿರಿಸಿ, ನಾನೇ ಬಡಿಸಿದೆ. ಕೊಡುವ ಕ್ರಿಯೆಯಲ್ಲಿ ಪಡೆಯುವವನಿಗೆ ವ್ಯಾಕರಣವು ‘ಸಂಪ್ರದಾನ’ವೆಂಬ ಹೆಸರನ್ನಿಟ್ಟಿದೆ. ಅರವತ್ತು ದಾಟುವವರೆಗೂ ಆ ಸ್ಥಾನದಲ್ಲಿಯೇ ಕುಳಿತು ಉಂಡವನು ನಾನು. ಅಂದು, ತಡವಾಗಿಯಾದರೂ, ಕರ್ತೃವಾದೆ.