ತಮಟೆ ಬೇಡ ಅಂದ ಅಪ್ಪ

ಸ್ವಲ್ಪ ಉದ್ದ ಆಗುತ್ತೆ, ಬಿಡುವು ಮಾಡ್ಕೊಂಡು ಓದಿ.

ಒಂದು ತಿಂಗಳ ಹಿಂದೆ ಹಾಸ್ಟೆಲ್‌ನ ನಾಲ್ಕು ಮಕ್ಕಳು ನಮ್ಮನೆಗೆ ಬಂದಿದ್ರು. ಮೂರು ಹುಡುಗರು, ಒಬ್ಬಳು ಹುಡುಗಿ. ಪತ್ರಿಕೋದ್ಯಮ ಓದ್ತಿದಾರೆ. ಕೊನೇ ಸೆಮಿಸ್ಟರ್‌ಗೆ ನಾಲ್ಕು ನಿಮಿಷದ ಒಂದು ಮ್ಯೂಸಿಕ್ ವಿಡಿಯೋ ಮಾಡ್ಬೇಕಂತೆ. ಹಾಡು ರ‍್ಯಾಪ್, ಬರೆದಿದ್ದು ಅವರೇ. ಎರಡು ಹಾಳೆಯಲ್ಲಿ ದೃಶ್ಯಗಳನ್ನ ಬರ್ಕೊಂಡು ಬಂದಿದ್ರು.

ಕಥೆ ಹೀಗಿತ್ತು. ಸಾವಿನ ಮೆರವಣಿಗೆ. ಮುಖಕ್ಕೆ, ಮೈಗೆ ಮಸಿ ಬಳ್ಕೊಂಡ ಹುಡುಗ ತಮಟೆ ಬಡೀತಾ ಮುಂದೆ ಹೋಗ್ತಿರ್ತಾನೆ. ಊರಿನ ಯಜಮಾನ ತಮಟೆಗೆ ಒದೀತಾನೆ. ಹುಡುಗ ಮಣ್ಣಿಗೆ ಬೀಳ್ತಾನೆ, ಸ್ಲೋ ಮೋಷನ್. ಎದ್ದ ಮೇಲೆ ರ‍್ಯಾಪ್ ಶುರು. ಕೊನೆಗೆ ಸುತ್ತ ಬೆಂಕಿ, ಇಪ್ಪತ್ತು ತಮಟೆ, ನೀಲಿ ಬಾವುಟ, ಮೇಲಿಂದ ಡ್ರೋನ್.

ಸುಳ್ಳು ಯಾಕೆ ಹೇಳ್ಲಿ, ಕೇಳ್ತಾ ನನ್ನ ಕಣ್ಣಲ್ಲಿ ನೀರು ಬಂತು. ‘ಸೂಪರ್ ಕಣ್ರೋ’ ಅಂದೆ. ಅಷ್ಟಕ್ಕೇ ಬಿಡ್ಲಿಲ್ಲ. 1927ರ ಮಹಾಡ್ ಕೆರೆ ಸತ್ಯಾಗ್ರಹ ಹಾಕಿ, 2000ನೇ ಇಸವಿಯ ಕಂಬಾಲಪಲ್ಲಿ ಹಾಕಿ, ರೋಹಿತ್ ವೇಮುಲ ಫೋಟೋ ಹಾಕಿ ಅಂತ ನನ್ನದೂ ಒಂದು ಪಟ್ಟಿ ಸೇರಿಸಿದೆ. ಪಾಪ, ಎಲ್ಲಾ ಬರ್ಕೊಂಡ್ರು.

ಅವರ ಕಾಲೇಜಿನ ಮೇಷ್ಟ್ರು ಒಬ್ಬರು ಇದನ್ನ ನೋಡಿ, ‘ಜಾತಿ ಅಂತ ನೇರ ಬೇಡ, ಸ್ವಲ್ಪ ಸಿಂಬಾಲಿಕ್ ಆಗಿ ಮಾಡಿ, ಎಲ್ಲರಿಗೂ ತಲುಪ್ಬೇಕು’ ಅಂದಿದ್ರಂತೆ. ಆ ಸಲಹೆಯನ್ನ ನಾವೆಲ್ಲ ಸೇರಿ ಕಸದ ಬುಟ್ಟಿಗೆ ಹಾಕಿದ್ವಿ. ಅದರ ಬಗ್ಗೆ ನನಗೆ ಈಗಲೂ ಬೇಜಾರಿಲ್ಲ.

ತೊಂದರೆ ಬಂದಿದ್ದು ಬೇರೆ ಕಡೆಯಿಂದ. ಹಾಡೋ ಹುಡುಗನ ತಾತನ ತಮಟೆ ಊರಿನ ಮನೆ ಅಟ್ಟದ ಮೇಲಿದೆ. ಅದನ್ನೇ ಇಟ್ಕೊಂಡು ಶೂಟ್ ಮಾಡೋಣ ಅಂತ ಮಕ್ಕಳು ಹೋದ್ರೆ, ಹುಡುಗನ ಅಪ್ಪ ಅಟ್ಟದ ಏಣೀನೇ ತೆಗೆದಿಟ್ರಂತೆ. ‘ಅದನ್ನ ಮುಟ್ಟಿದ್ರೆ ಕಾಲೇಜು ಬಿಡಿಸ್ತೀನಿ’ ಅಂದ್ರಂತೆ. ಮಕ್ಕಳು ನನ್ನ ಹತ್ರ ಬಂದು, ‘ಅಕ್ಕಾ, ನೀವು ಹೇಳಿದ್ರೆ ಕೇಳ್ತಾರೆ’ ಅಂದ್ರು.

ಹೋದೆ. ಬಸ್ಸಲ್ಲಿ ಭಾಷಣ ಸಿದ್ಧ ಮಾಡ್ಕೊಂಡೇ ಹೋದೆ. ಚೆನ್ನೈನಲ್ಲಿ 2018ರ ಜನವರಿಯಲ್ಲಿ ಕಾಸ್ಟ್‌ಲೆಸ್ ಕಲೆಕ್ಟಿವ್ ಹುಡುಗರು ವೇದಿಕೆ ಹತ್ತಿ ಪರೈ ಬಾರಿಸಿ ಸಾವಿರಾರು ಜನರನ್ನ ಕುಣಿಸಿದ್ದು. 2023ರಲ್ಲಿ ನಮ್ಮ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ತಮಟೆಗಾಗಿ ಪದ್ಮಶ್ರೀ ಬಂದಿದ್ದು. ಅವಮಾನದ ವಾದ್ಯ ಅಭಿಮಾನದ ವಾದ್ಯ ಆಗಿದ್ದು. ಎಲ್ಲಾ ಹೇಳಿದೆ.

ಆಯಪ್ಪ ಗಾರೆ ಕೆಲಸದೋರು. ಕೆಲಸದಿಂದ ಆಗಷ್ಟೇ ಬಂದಿದ್ರು, ಕೈಮೇಲೆ ಸಿಮೆಂಟು ಒಣಗಿತ್ತು. ಪೂರ್ತಿ ಕೇಳಿಸ್ಕೊಂಡ್ರು, ಟೀ ಕುಡಿಸಿದ್ರು. ಆಮೇಲೆ ಅವರು ಹೇಳಿದ್ದು ಇಷ್ಟು:

‘ಅಮ್ಮಾ, ನಾನು ಏಳನೇ ಕ್ಲಾಸು. ಊರಲ್ಲಿ ಯಾರಾದ್ರೂ ಸತ್ರೆ ಕೇರಿ ಬಾಯಲ್ಲಿ ನಿಂತು ಕೂಗೋರು. ಮಧ್ಯರಾತ್ರಿ ಆಗ್ಲಿ, ಮನೇಲಿ ಮಗು ಜ್ವರದಲ್ಲಿ ಮಲಗಿರ್ಲಿ, ನಮ್ಮಪ್ಪ ಹೋಗ್ಲೇಬೇಕು. ಚರ್ಮ ಬಿಗಿಯೋಕೆ ಹುಲ್ಲು ಉರಿಸಿ ಕಾಯಿಸಬೇಕಲ್ಲ, ಆ ಹುಲ್ಲು ಹಿಡಿಯೋನು ನಾನು. ಮೆರವಣಿಗೇಲಿ ಚಿಲ್ಲರೆ ಎಸೆಯೋರು. ಎಸೆಯೋರಲ್ಲಿ ನನ್ನ ಕ್ಲಾಸಿನೋರೂ ಇರ್ತಿದ್ರು. ಸೋಮವಾರ ಅವರ ಜೊತೇಲೇ ಕೂತ್ಕೋಬೇಕು.

ಆಮೇಲೆ ಸಂಘದೋರು ಬಂದ್ರು, ಕೇರಿಯೋರೆಲ್ಲ ಸೇರಿ ಇನ್ಮೇಲೆ ಬಡಿಯಲ್ಲ ಅಂದ್ವಿ. ಎಂಟು ತಿಂಗಳು ನಮಗೆ ಕೂಲಿ ಇಲ್ಲ. ಅಂಗಡೀಲಿ ಉಪ್ಪು ಕೊಡ್ಲಿಲ್ಲ, ಮಿಷನ್‌ನಲ್ಲಿ ರಾಗಿ ಬೀಸ್ಕೊಡ್ಲಿಲ್ಲ. ಅವತ್ತು ನಮ್ಮಪ್ಪ ತಮಟೇನ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಹಾಕ್ದ. ಸುಟ್ಟಾಕು ಅಂದ್ರು ಜನ. ಅದೇನು ತಪ್ಪು ಮಾಡಿತ್ತು ಅಂದ. ಈಗ ನನ್ನ ಮಗ ಮುಖಕ್ಕೆ ಮಸಿ ಬಳ್ಕೊಂಡು ಅದನ್ನ ಬಡಿದ್ರೆ, ಊರೋರು ಫೋನಲ್ಲಿ ನೋಡಿ ಏನಂತಾರೆ? ನಿಮ್ಮ ಬಾವುಟ ನೋಡಲ್ಲ ಅವರು. ಇವನೂ ಬಡಿಯೋಕೆ ಬಂದ ಅಂತಾರೆ.’

ನನ್ನ ಭಾಷಣ ಅಲ್ಲಿಗೆ ಮುಗೀತು.

ನಾನು ಆಫೀಸಲ್ಲಿ ಕೂತು ನೋಡೋ ಕಡತಗಳಲ್ಲಿ ಥೋಟಿ ಇನಾಮ್ತಿ ಜಮೀನಿನವೂ ಇವೆ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ, ಮರುಮಂಜೂರಾತಿ, ಸರ್ವೆ ನಂಬರು ಎಲ್ಲಾ ಬಾಯಿಪಾಠ. ಬಾಬಾಸಾಹೇಬರು 1928ರಲ್ಲೇ ಮುಂಬೈ ಶಾಸನ ಪರಿಷತ್ತಿನಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಗೆ ತಿದ್ದುಪಡಿ ಮಸೂದೆ ಮಂಡಿಸಿದ್ದು, ಮಹಾರ್ ವತನದ ಬಿಟ್ಟಿಚಾಕರಿಯಿಂದ ಜನರನ್ನ ಬಿಡಿಸೋಕೆ. ಇದನ್ನ ಎಷ್ಟು ಸಭೇಲಿ ಹೇಳಿದೀನೋ! ಆದ್ರೆ ಬಿಟ್ಟಿಚಾಕರಿ ಬಿಡೋದು ಅಂದ್ರೆ ಎಂಟು ತಿಂಗಳು ರಾಗಿ ಬೀಸೋಕೆ ಜಾಗ ಇಲ್ಲದೇ ಇರೋದು ಅಂತ ನನ್ನ ತಲೇಲಿ ಬಂದಿರಲಿಲ್ಲ.

ವಾಪಸ್ ಬಂದು ಮಕ್ಕಳಿಗೆ ಹೇಳಿದ್ರೆ ದೊಡ್ಡ ಜಗಳ. ಕ್ಯಾಮೆರಾ ಮಾಡೋ ಹುಡುಗಿ, ‘ಹಂಗಾದ್ರೆ ತಮಟೇನ ನಾವು ಬಿಟ್ಟೇಬಿಡ್ಬೇಕಾ? ಬಿಟ್ರೆ ನಾಳೆ ಬೇರೆಯೋರು ಸ್ಟುಡಿಯೋದಲ್ಲಿ ಬಾರಿಸಿ ದುಡ್ಡು ಮಾಡ್ತಾರೆ’ ಅಂದ್ಲು. ಅವಳ ಮಾತು ತಪ್ಪಲ್ಲ. ಮುನಿವೆಂಕಟಪ್ಪನವರೂ ತಪ್ಪಲ್ಲ, ಏಣಿ ತೆಗೆದಿಟ್ಟ ಅಪ್ಪನೂ ತಪ್ಪಲ್ಲ. ವೇದಿಕೆ ಮೇಲೆ ಬಾರಿಸೋನು ಇವತ್ತು ಆಗಲ್ಲ ಅನ್ನಬಹುದು. ಆ ತಾತ ಅನ್ನೋ ಹಾಗಿರಲಿಲ್ಲ, ಅಂದಿದ್ದಕ್ಕೆ ಇಡೀ ಕೇರಿ ಬೆಲೆ ಕಟ್ಟಿತು. ನನಗೆ ತಿಳಿದ ಮಟ್ಟಿಗೆ ವ್ಯತ್ಯಾಸ ಇಷ್ಟೇ. ನಿಮಗೆ ಬೇರೆ ಅನ್ಸಿದ್ರೆ ಹೇಳಿ, ಜಗಳ ಆಡೋಣ.

ಆಮೇಲೆ ಅದೇ ಹುಡುಗಿ ಪೆನ್ನು ತಗೊಂಡು ಶಾಟ್‌ಗಳನ್ನ ಎಣಿಸಿದ್ಲು. ಒಟ್ಟು ಮೂವತ್ತೆರಡು. ಅದರಲ್ಲಿ ಹತ್ತೊಂಬತ್ತರಲ್ಲಿ ನಾವು ಒದೆ ತಿಂತಿದೀವಿ, ಬೀಳ್ತಿದೀವಿ, ಇಲ್ಲಾ ಅಳ್ತಿದೀವಿ. ಯಜಮಾನನಿಗೆ ಮಾತ್ರ ನಾಲ್ಕು ಕ್ಲೋಸಪ್ಪು, ಮೀಸೆ ಸಮೇತ! ಯಾರೂ ಏನೂ ಮಾತಾಡ್ಲಿಲ್ಲ ಸ್ವಲ್ಪ ಹೊತ್ತು. ಮಸಿ ಅವತ್ತೇ ಹೋಯ್ತು. ಯಜಮಾನನೂ ಹೋದ.

ಮೂರು ಸಂಜೆ ಕೂತು ಹೊಸದಾಗಿ ಬರೆದ್ರು. ಈಗ ವಿಡಿಯೋ ಆ ಎಂಟು ತಿಂಗಳಿನದು. ಊರಿನ ಮಿಷನ್ ಮುಚ್ಚಿದಾಗ ಕೇರಿ ಹೆಂಗಸರು ರಾಗಿ ಹೊತ್ಕೊಂಡು ಪಕ್ಕದೂರಿಗೆ ನಡೆದ ದಾರಿ. ಬೀಟ್‌ಗೆ ತಮಟೆ ಇಲ್ಲ. ಅಪ್ಪ ಕೆಲಸ ಮಾಡೋ ಕಡೆ ಹೋಗಿ ಕರಣೆ ಇಟ್ಟಿಗೆಗೆ ತಾಗೋ ಸದ್ದು, ಮರಳು ಜರಡಿ ಆಡಿಸೋ ಸದ್ದು ಫೋನಲ್ಲಿ ರೆಕಾರ್ಡ್ ಮಾಡ್ಕೊಂಡು ಬಂದಿದಾರೆ. ತಮಟೆಗೆ ಒಂದೇ ಶಾಟ್, ಅಟ್ಟದ ಮೇಲೆ, ಗೋಣಿಚೀಲದಲ್ಲಿ. ಯಾರೂ ಬಿಚ್ಚಲ್ಲ.

ನನ್ನ ಮಹಾಡ್, ಕಂಬಾಲಪಲ್ಲಿ ಪಟ್ಟಿಗೂ ಕತ್ತರಿ ಬಿತ್ತು. ಹಾಡೋ ಹುಡುಗ ನೆಲ ನೋಡ್ತಾ, ‘ಅಕ್ಕಾ, ಅದು ನಿಮ್ಮ ಭಾಷಣದ ಥರ ಆಗ್ತಿದೆ’ ಅಂದ. ‘ತೆಗೀರಪ್ಪಾ, ನಿಮ್ಮ ವಿಡಿಯೋ’ ಅಂತ ನಕ್ಕೆ. ಒಳಗೆ ಚುರುಕ್ ಅಂದಿದ್ದು ನಿಜ.

ಹೊಸ ಕಥೇನ ಫೋನ್‌ನಲ್ಲಿ ಅಪ್ಪನಿಗೆ ಓದಿ ಹೇಳಿದ್ರು. ಸ್ಪೀಕರ್ ಹಾಕಿದ್ರು, ನಾನೂ ಅಲ್ಲೇ ಇದ್ದೆ. ರಾಗಿ ಹೊತ್ತ ಹೆಂಗಸು ಕಣ್ಣೀರು ಒರೆಸ್ಕೋತಾ ನಡೀತಾಳೆ ಅನ್ನೋ ಕಡೆ ಆಯಪ್ಪ ತಡೆದ್ರು. ‘ಅದನ್ನ ತೆಗೀರಿ. ನಮ್ಮವ್ವ ಅಳ್ತಾ ಹೋಗ್ಲಿಲ್ಲ, ಮಿಷನ್ನೋನ ವಂಶಾನೆಲ್ಲ ಬೈಕೊಂಡು ಹೋದ್ಲು’ ಅಂದ್ರು. ಹಿಂದಿಂದ ಅಜ್ಜಿ ಧ್ವನಿ, ‘ಏನೇನು ಬೈದೆ ಅಂತ ನಾನು ಹೇಳ್ತೀನಿ, ಬರ್ಕೊಳ್ಳಿ’ ಅಂತು. ಬರ್ಕೊಂಡಿದಾರೆ. ಎರಡು ಸಾಲು ಹಾಡಲ್ಲೂ ಸೇರಿವೆ. ಕಾಲೇಜಿನೋರು ಏನಂತಾರೋ ಗೊತ್ತಿಲ್ಲ.

ಬರೋ ಭಾನುವಾರ ಶೂಟಿಂಗ್. ಆ ದಾರೀಲಿ ಅಜ್ಜೀನೇ ನಡೀತಾರೆ, ಹೊಸ ಸೀರೆ ಉಡೋಕೆ ಬಿಡ್ಬೇಕು ಅನ್ನೋದು ಅವರ ಷರತ್ತು. ಆ ಕಾಲದ ಥರ ಬೆಲ್ಟಿನಲ್ಲಿ ಓಡೋ ಹಿಟ್ಟಿನ ಮಿಷನ್ ತುಮಕೂರು ಸುತ್ತಮುತ್ತ ಎಲ್ಲಾದ್ರೂ ಇನ್ನೂ ನಡೀತಿದ್ರೆ ತಿಳಿಸಿ. ಒಂದು ಟ್ರೈಪಾಡೂ ಬೇಕು, ಸೋಮವಾರ ಸಂಜೆಯೊಳಗೆ ನಾನೇ ತಂದು ವಾಪಸ್ ಕೊಡ್ತೀನಿ.

ಜೈಭೀಮ್.