ಪೆನ್ನಿ ಲೇನಿನ ಬ್ಯಾಂಕಿನವರು

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಪೆನ್ನಿ ಲೇನ್ ಎಂಬ ಬೀದಿ ಇದೆ. ಪೆನ್ನಿ ಎಂದರೆ ಅವರ ಚಿಲ್ಲರೆ ಕಾಸು. 1971ರವರೆಗೆ ಒಂದು ಪೌಂಡಿಗೆ 240 ಪೆನ್ನಿ. ನಮ್ಮ ಹಳೆಯ ರೂಪಾಯಿ, ಆಣೆ, ಪೈಗಳಷ್ಟೇ ತಲೆ ತಿನ್ನುವ ಲೆಕ್ಕ. ಆ ಬೀದಿಯಲ್ಲಿ ಅರಮನೆಯಿಲ್ಲ, ಕೋಟೆಯಿಲ್ಲ. ಆದರೂ ದೇಶ ದೇಶಗಳ ಜನ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಕಾರಣ, ಮೂರು ನಿಮಿಷದ ಒಂದು ಹಾಡು.

ಹಾಡಿದವರು ಬೀಟಲ್ಸ್ ಎಂಬ ನಾಲ್ವರ ರಾಕ್ ತಂಡದವರು. ಮಕ್ಕಳೇ, ಮನೆಯ ಹಿರಿಯರನ್ನು ಕೇಳಿ ನೋಡಿ, ಹಾಡು ಗೊತ್ತಿಲ್ಲದಿದ್ದರೂ ಹೆಸರು ಕೇಳಿರುತ್ತಾರೆ. 1968ರಲ್ಲಿ ಧ್ಯಾನ ಕಲಿಯಲು ನಮ್ಮ ಋಷಿಕೇಶಕ್ಕೆ ಬಂದಿದ್ದವರು ಇವರೇ. ನಾಲ್ವರೂ ಲಿವರ್‌ಪೂಲಿನಲ್ಲಿ ಬೆಳೆದವರು. ಅವರಲ್ಲಿ ಪಾಲ್ ಮೆಕಾರ್ಟ್ನಿ ಮತ್ತು ಜಾನ್ ಲೆನನ್ ಹುಡುಗರಾಗಿದ್ದಾಗ ಪೆನ್ನಿ ಲೇನಿನಲ್ಲಿ ಇಳಿದು ಬಸ್ಸು ಬದಲಿಸಬೇಕಿತ್ತು. ಅಲ್ಲೊಂದು ವೃತ್ತ, ವೃತ್ತದ ನಡುವೆ ಬಸ್ಸಿಗೆ ಕಾಯುವ ತಂಗುದಾಣ. ಬಸ್ಸು ಬರುವವರೆಗೆ ಹುಡುಗರು ಏನು ಮಾಡುತ್ತಾರೆ? ಬೀದಿ ನೋಡುತ್ತಾರೆ. ಆ ನೋಟವೇ ಮುಂದೆ ಹಾಡಾಯಿತು.

1966ರ ಆಗಸ್ಟಿನ ಹೊತ್ತಿಗೆ ಊರೂರು ತಿರುಗಿ ಹಾಡುವುದು ಅವರಿಗೆ ಸಾಕಾಗಿತ್ತು. ಅಭಿಮಾನಿಗಳ ಕಿರುಚಾಟದಲ್ಲಿ ತಮ್ಮ ಸಂಗೀತ ತಮಗೇ ಕೇಳಿಸುತ್ತಿರಲಿಲ್ಲ. ತಿರುಗಾಟ ಬಿಟ್ಟು ಲಂಡನ್ನಿನ ಸ್ಟುಡಿಯೊದಲ್ಲಿ ಕುಳಿತರು. ಪಾಲ್‌ಗೆ ಆಗ 24 ವರ್ಷ. ಜಗತ್ತನ್ನೆಲ್ಲ ಸುತ್ತಿ ಬಂದ ಆ ಹುಡುಗನಿಗೆ ಹಾಡು ಕಟ್ಟಲು ನೆನಪಾದದ್ದು ಬಸ್ಸಿಗೆ ಕಾಯುತ್ತಿದ್ದ ಜಾಗ!

ಹಾಡಿನಲ್ಲಿ ಯಾರಿದ್ದಾರೆ ಗೊತ್ತೇ? ರಾಜ ರಾಣಿಯರಲ್ಲ. ತಾನು ಕತ್ತರಿಸಿದ ತಲೆಗಳ ಚಿತ್ರಗಳನ್ನು ತೋರಿಸುವ ಕ್ಷೌರಿಕ. ಇಂಜಿನನ್ನು ಸದಾ ಫಳಫಳ ಹೊಳೆಯುವಂತೆ ಇಟ್ಟುಕೊಳ್ಳುವ ಅಗ್ನಿಶಾಮಕ ದಳದವನು. ತಟ್ಟೆಯಲ್ಲಿ ಕೆಂಪು ಗಸಗಸೆ ಹೂ ಮಾರುವ ನರ್ಸ್. ಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆ ಅಲ್ಲಿಯ ಜನ ನವೆಂಬರಿನಲ್ಲಿ ಆ ಕಾಗದದ ಹೂವನ್ನು ಕೊಂಡು ಎದೆಗೆ ಸಿಕ್ಕಿಸಿಕೊಳ್ಳುತ್ತಾರೆ. ಜೊತೆಗೆ ಕಾರಿಟ್ಟುಕೊಂಡ ಒಬ್ಬ ಬ್ಯಾಂಕಿನವರು. ಜೋರು ಮಳೆಯಲ್ಲೂ ರೇನ್‌ಕೋಟು ಹಾಕದ ಇವರನ್ನು ಕಂಡು ಮಕ್ಕಳು ಬೆನ್ನ ಹಿಂದೆ ನಗುತ್ತಾರೆ.

ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದ ನನ್ನ ಕಿವಿ ನೆಟ್ಟಗಾದದ್ದು ಇಲ್ಲಿಯೇ. ಹಾಡನ್ನು ನನಗೆ ಕೇಳಿಸಿದವಳು ಮೊಮ್ಮಗಳು. ಅರ್ಥ ಹೇಳುತ್ತ ಅವಳು ಕೇಳಿದಳು, "ತಾತ, ನಿಮ್ಮನ್ನೂ ಮಕ್ಕಳು ಹೀಗೆ ನೋಡಿ ನಗ್ತಿದ್ರಾ?"

"ನಗದೇ ಇರ್ತಾರೇನೇ? ಕಿವಿ ಮೇಲೆ ಪೆನ್ಸಿಲು, ಬೆರಳ ತುಂಬ ಇಂಕು" ಎಂದೆ.

"ಅದು ನಿಮಗೆ ಹೇಗೆ ಗೊತ್ತಾಗ್ತಿತ್ತು?"

ನಮ್ಮ ಶಾಖೆ ಬಸ್ ನಿಲ್ದಾಣದ ಎದುರಿಗಿತ್ತು. ಕೌಂಟರಿನ ಕಿಟಕಿಯಿಂದ ಬೀದಿಯೆಲ್ಲ ಕಾಣುತ್ತಿತ್ತು. ಸೈಕಲ್ ರಿಪೇರಿಯವರು, ಹೂವು ಕಟ್ಟುವ ಅಜ್ಜಿ, ಹುಣಿಸೆಹಣ್ಣು ಚೀಪುತ್ತ ಬಸ್ಸಿಗೆ ಕಾಯುವ ಶಾಲೆ ಮಕ್ಕಳು. ಅವರು ನಮ್ಮನ್ನು ನೋಡಿ ನಕ್ಕರೆ ನಾವೂ ಅವರನ್ನು ನೋಡಿ ನಗುತ್ತಿದ್ದೆವು. ಇಷ್ಟು ಹೇಳಿದ ಮೇಲೆ ಅವಳು ಸುಮ್ಮನಾದಳು. ಅವಳ ಸ್ಕೂಲ್ ಬಸ್ಸು ಅಪಾರ್ಟ್‌ಮೆಂಟಿನ ಗೇಟಿನ ಒಳಗೇ ಬರುತ್ತದೆ. ಬ್ಯಾಂಕು ಅವಳ ಅಮ್ಮನ ಫೋನಿನಲ್ಲಿದೆ. ನಗುವುದಕ್ಕಾದರೂ ಅವಳಿಗೆ ಒಬ್ಬ ಬ್ಯಾಂಕಿನವನು ಎಲ್ಲಿ ಸಿಗಬೇಕು?

ಹಾಡಿನ ಒಂದು ಗುಟ್ಟು ಹೇಳುತ್ತೇನೆ. ಕ್ಷೌರದ ಅಂಗಡಿ ನಿಜವಾಗಿಯೂ ಇತ್ತು. ಮೂಲೆಯಲ್ಲಿ ಬ್ಯಾಂಕೂ ಇತ್ತು. ಆದರೆ ಆ ಬ್ಯಾಂಕಿನವರು ಮಾತ್ರ ಪಾಲ್ ಕಲ್ಪಿಸಿಕೊಂಡವರು. ಅಗ್ನಿಶಾಮಕ ಠಾಣೆಯೂ ಪೆನ್ನಿ ಲೇನಿನಲ್ಲಿರಲಿಲ್ಲ, ಸ್ವಲ್ಪ ದೂರದ ಇನ್ನೊಂದು ರಸ್ತೆಯಲ್ಲಿತ್ತು. ಹಾಡಿನಲ್ಲಿ ನೀಲಿ ಆಕಾಶವೂ ಉಂಟು, ಸುರಿಯುವ ಮಳೆಯೂ ಉಂಟು. ಲೆಕ್ಕ ತಾಳೆಯಾಗುವುದಿಲ್ಲ! ನಮ್ಮ ಬಾಲ್ಯದ ಬೀದಿಗಳೂ ಹಾಗೆಯೇ ಅಲ್ಲವೇ? ನೆನಪಿನಲ್ಲಿ ಎಲ್ಲ ಅಂಗಡಿಗಳೂ ಅಕ್ಕಪಕ್ಕ ಬಂದು ನಿಲ್ಲುತ್ತವೆ.

ಹಾಡಿನ ನಡುವೆ ಹಕ್ಕಿ ಕೂಗಿದಂತೆ ಒಂದು ಪುಟ್ಟ ತುತ್ತೂರಿ ಮೊಳಗುತ್ತದೆ. ಟೀವಿಯಲ್ಲಿ ಡೇವಿಡ್ ಮೇಸನ್ ಎಂಬವರು ಬಾಕ್ ಅವರ ಸಂಗೀತ ನುಡಿಸುವುದನ್ನು ಕಂಡ ಪಾಲ್, ಅವರನ್ನೇ ಕರೆಸಿದರು. ಪಾಲ್‌ಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ಅವರು ಬಾಯಲ್ಲಿ ಹಾಡಿ ತೋರಿಸಿದ್ದನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಬರೆದುಕೊಂಡರು.

1967ರ ಫೆಬ್ರುವರಿಯಲ್ಲಿ ರೆಕಾರ್ಡು ಹೊರಬಂತು. ಇನ್ನೊಂದು ಮಗ್ಗುಲಲ್ಲಿ ಜಾನ್ ಬರೆದ ಹಾಡು, ಅದರ ಹೆಸರೂ ಅವರ ಬಾಲ್ಯದ ನೆರೆಯಲ್ಲಿದ್ದ ಒಂದು ಮಕ್ಕಳ ಆಶ್ರಮದ್ದು. ಅಮೆರಿಕದಲ್ಲಿ ಪೆನ್ನಿ ಲೇನ್ ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ ಮಾತ್ರ ಎರಡನೆಯದಕ್ಕೇ ನಿಂತಿತು. ತಡೆದವರು ಯಾರು ಅಂತೀರಿ? ಎಂಗೆಲ್‌ಬರ್ಟ್ ಹಂಪರ್‌ಡಿಂಕ್. ಅವರು ಹುಟ್ಟಿದ್ದು 1936ರಲ್ಲಿ, ನಮ್ಮ ಮದರಾಸಿನಲ್ಲಿ!

ಹಾಡು ಎಷ್ಟು ಜನಪ್ರಿಯವಾಯಿತೆಂದರೆ ಪೆನ್ನಿ ಲೇನ್ ಎಂಬ ನಾಮಫಲಕಗಳನ್ನು ಅಭಿಮಾನಿಗಳು ಕದ್ದೊಯ್ಯತೊಡಗಿದರು. ಹಾಕಿದಷ್ಟೂ ಮಾಯ. ಕೊನೆಗೆ ಗೋಡೆಯ ಮೇಲೆಯೇ ಹೆಸರನ್ನು ಬಣ್ಣದಲ್ಲಿ ಬರೆಸಬೇಕಾಯಿತು. 2018ರಲ್ಲಿ ಪಾಲ್ ಅಲ್ಲಿಗೆ ಹೋದಾಗ ಫಲಕದ ಮೇಲೆ ಸ್ವತಃ ಸಹಿ ಹಾಕಿ ಬಂದರು.

ನನ್ನ ಕಿಟಕಿಗೆ ಕಾಣುತ್ತಿದ್ದ ಸೈಕಲ್ ಅಂಗಡಿ ಈಗಿಲ್ಲ, ಹೂವಿನ ಅಜ್ಜಿಯೂ ಇಲ್ಲ. ಅವರ ಮೇಲೆ ಯಾರೂ ಹಾಡು ಕಟ್ಟಲಿಲ್ಲ. ನೋಡಿದವರು ಹೇಳದೇ ಹೋದರೆ ಆ ಬೀದಿ ನಮ್ಮೊಂದಿಗೇ ಮುಗಿಯುತ್ತದೆ. ಆದ್ದರಿಂದ ಮಕ್ಕಳೇ, ಈ ಭಾನುವಾರ ತಾತ, ಅಜ್ಜಿಯನ್ನು ಕೂರಿಸಿಕೊಂಡು ಕೇಳಿ: ನಿಮ್ಮ ಬೀದಿಯಲ್ಲಿ ಯಾರು ಯಾರಿದ್ದರು? ಅವರ ಅಂಗಡಿ ಹೇಗಿತ್ತು? ಯಾರನ್ನು ನೋಡಿ ನಗುತ್ತಿದ್ದಿರಿ? ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹಿರಿಯರೇ, ಮಳೆಯ ಪಕ್ಕ ಬಿಸಿಲು ಬಂದರೂ ಚಿಂತೆಯಿಲ್ಲ, ಹೇಳುತ್ತ ಹೋಗಿ.