ಭಾಯಿಜಾನ್ ಯೆಜ್ಡಿಯ ಲೆಕ್ಕ

ನಮ್ಮ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಭಾಯಿಜಾನ್ ನಮ್ಮ ದಾದಾ ಓಡಿಸುತ್ತಿದ್ದ ಯೆಜ್ಡಿ ಬೈಕನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಕೆಲಸ ಅವರದು, ಲೆಕ್ಕ ನನ್ನದು. ಅದನ್ನು ಮಾರಿ ನನ್ನ ಬಿ.ಕಾಂ. ಫೀಸು ಕಟ್ಟಬೇಕೆಂಬುದು ಮನೆಯವರ ಯೋಚನೆ.

ಯೆಜ್ಡಿ ಮೈಸೂರಿನ ಗಾಡಿ. 1961ರಲ್ಲಿ ಬೈಕ್ ತಯಾರಿಸತೊಡಗಿದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಹಾಗಾಗಿ ಎಷ್ಟೋ ಬಿಡಿಭಾಗಗಳಿಗೆ ಗುಜರಿ ಅಂಗಡಿಯೇ ಗತಿ. ಈ ಬೈಕಿನಲ್ಲಿ ಕಿಕ್ಕರ್‌ಗೂ ಗೇರ್‌ಗೂ ಒಂದೇ ಲಿವರ್. ಪೆಟ್ರೋಲಿಗೆ ಆಯಿಲ್ ಬೆರೆಸಿಯೇ ಹಾಕಬೇಕು.

ಚಾಸಿ ಕತ್ತರಿಸಿ ಉದ್ದ ಮಾಡುವ ಆಸೆ ಭಾಯಿಜಾನ್‌ಗಿತ್ತು. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿನ್ಯಾಸವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಹಾಗೆ ಮಾಡಿದರೆ ಕೊಳ್ಳುವವರೂ ಹಿಂಜರಿಯುತ್ತಾರೆ. ಅದಕ್ಕೇ ಸೀಟು ಮತ್ತು ಬಣ್ಣ ಮಾತ್ರ ಹೊಸದು. ಆ ಬಣ್ಣವನ್ನೂ ಆರ್‌ಸಿಯಲ್ಲಿ ಬರೆಸಬೇಕು.

"ನನ್ನ ಕೂಲಿ ಬರೀಬೇಡ," ಎನ್ನುತ್ತಾರೆ ಭಾಯಿಜಾನ್. ಕೂಲಿ ಸೇರದೆ ತಯಾರಿಕೆಯ ವೆಚ್ಚ ಪೂರ್ತಿಯಾಗದು ಎಂದು ನಾವು ಕ್ಲಾಸಿನಲ್ಲಿ ಓದಿದ್ದೇವೆ. ನಾನು ಬರೆದೇ ಬರೆದಿದ್ದೇನೆ: ದಿನಕ್ಕೆ ಎರಡು ಗಂಟೆ, ನಾಲ್ಕು ತಿಂಗಳು. ಫೀಸು ಕಟ್ಟಿದ ದಿನ ಅದು ನನ್ನ ಸಾಲದ ಖಾತೆಗೆ ಬರುತ್ತದೆ.